ಶಿರಸಿ ಅತ್ತೆ ನೆಕ್‌ಬ್ಯಾಂಡ್ ಸೌಂಡು, ಮನೆ ಗುಂಪಿನ ಚರ್ಚೆ

ಸಾಗರ ಚಿಕ್ಕಪ್ಪ: [ಫಾರ್ವರ್ಡ್ ಮೆಸೇಜ್] ಬ್ಲೂಟೂತ್ ಸೌಂಡ್ ಕಮ್ಮಿನಾ?? 2 ನಿಮಿಷದಲ್ಲಿ ಡಬಲ್ ಮಾಡಿ!! ಡಯಲ್ ಪ್ಯಾಡಲ್ಲಿ *#*#3646633#*#* ಒತ್ತಿ, ಆಡಿಯೋ ಒಳಗೆ ಹೋಗಿ ಇರೋ ನಂಬರೆಲ್ಲಾ 160 ಮಾಡಿ. ಆಗ್ಲಿಲ್ಲ ಅಂದ್ರೆ ಕೆಳಗಿರೋ ಎಪಿಕೆ ಹಾಕ್ಕೊಳ್ಳಿ, 300% ಸೌಂಡ್ ಗ್ಯಾರಂಟಿ. ಕಂಪನಿಗಳು ಮುಚ್ಚಿಟ್ಟ ರಹಸ್ಯ, ಎಲ್ಲರಿಗೂ ಕಳಿಸಿ 🙏🙏

ಸಾಗರ ಚಿಕ್ಕಪ್ಪ: ಅಕ್ಕಾ ಇದು ನೋಡು, ನಿನ್ನ ನೆಕ್‌ಬ್ಯಾಂಡಿಗೆ ಇದೇ ಸರಿ. ನನ್ನ ಫೋನಲ್ಲಿ ಮಾಡಿ ನೋಡಿದೆ, ಹಾಡು ಹಾಕಿದ್ರೆ ಈಗ ಕೊಟ್ಟಿಗೆವರೆಗೂ ಕೇಳುತ್ತೆ

ಶಿರಸಿ ಅತ್ತೆ: ಅಪ್ಪು ಕಾಲೇಜಿಂದ ಬಂದ್ಮೇಲೆ ಮಾಡಿಸ್ತೀನಿ ತಮ್ಮಾ. ತಾಳಮದ್ದಳೆ ಹಾಕ್ಕೊಂಡು ಕೂತ್ರೆ ಅರ್ಥ ಹೇಳೋರ ಮಾತು ಒಂದಕ್ಷರ ತಿಳಿಯಲ್ಲ, ಫೋನಲ್ಲಿ ಸೌಂಡಿನ ಗೆರೆ ತುದಿ ಮುಟ್ಟಿದೆ ಇನ್ನು ಮೇಲೆ ಹೋಗಲ್ಲ. ಅದೇ ನೆಕ್‌ಬ್ಯಾಂಡಲ್ಲಿ ಫೋನ್ ಮಾತಾಡಿದ್ರೆ ಮಾತ್ರ ಚೆನ್ನಾಗಿ ಕೇಳುತ್ತೆ, ಅದೇ ನಂಗೆ ಅರ್ಥ ಆಗ್ದೇ ಇರೋದು

ನಾನು: ಅತ್ತೆ ದಯವಿಟ್ಟು ಮಾಡಿಸ್ಬೇಡಿ, ಆ ಎಪಿಕೆ, ಅಂದ್ರೆ ಪ್ಲೇ ಸ್ಟೋರ್ ಹೊರಗಿಂದ ಹಾಕ್ಕೊಳ್ಳೋ ಆಪ್ ಫೈಲು, ಅದನ್ನಂತೂ ಮುಟ್ಟಲೇಬೇಡಿ. ಚಿಕ್ಕಪ್ಪ ಆ ನಂಬರ್ ಸುಳ್ಳಲ್ಲ, ಅದು ಮೀಡಿಯಾಟೆಕ್ ಚಿಪ್ ಇರೋ ಫೋನಿನ ಇಂಜಿನಿಯರ್ ಮೋಡ್, ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡೋರಿಗೆ ಅಂತ ಇರೋದು. ನಿಮ್ಮ ಫೋನಲ್ಲಿ ಮೀಡಿಯಾಟೆಕ್ ಇದೆ ಅದಕ್ಕೆ ತೆರ್ಕೊಂಡಿದೆ, ಜೋರಾಗಿದ್ದು ಫೋನಿನ ಸ್ವಂತ ಸ್ಪೀಕರು. ಅತ್ತೆ ಫೋನಲ್ಲಿ ಇರೋದು ಸ್ನಾಪ್‌ಡ್ರಾಗನ್ ಅನ್ನೋ ಬೇರೆ ಚಿಪ್ಪು, ಅದರಲ್ಲಿ ಒತ್ತಿದ್ರೆ ಆ ಮೆನು ಬರೋದೇ ಇಲ್ಲ. ಬಂದ್ರೂ ಪ್ರಯೋಜನ ಇಲ್ಲ, ಬ್ಲೂಟೂತಲ್ಲಿ ಫೋನು ಕಳಿಸೋದು ಬರೀ ಡೇಟಾ, ಅದನ್ನ ಶಬ್ದ ಮಾಡೋ ಚಿಪ್ಪು, ಆಂಪ್ಲಿಫೈಯರ್ರು ಎರಡೂ ನೆಕ್‌ಬ್ಯಾಂಡ್ ಒಳಗೇ ಇರೋದು. ಫೋನಿನ ಆಂಪ್ಲಿಫೈಯರ್ ಎಷ್ಟು ತಿರುಗಿಸಿದ್ರೂ ನೆಕ್‌ಬ್ಯಾಂಡಿಗೆ ಮುಟ್ಟಲ್ಲ

ಸಾಗರ ಚಿಕ್ಕಪ್ಪ: ನಂಗೆ ಕೇಳಿದ್ದು ನಾನು ಹೇಳಿದೆ. ಕಿವಿ ಸುಳ್ಳು ಹೇಳುತ್ತಾ?

ನಾನು: ನಿಮ್ಮ ಕಿವಿ ಸುಳ್ಳು ಅಂದಿಲ್ಲ ಚಿಕ್ಕಪ್ಪ. ಸ್ಪೀಕರ್ ಜೋರಾಗಿರೋದು ನಿಜ, ಆದ್ರೆ ಆ ಪುಟ್ಟ ಸ್ಪೀಕರಿಗೆ ಕಂಪನಿಯವ್ರು ಒಂದು ಮಿತಿ ಇಟ್ಟಿರ್ತಾರೆ, ಅದಕ್ಕಿಂತ ಜಾಸ್ತಿ ಓಡಿಸಿದ್ರೆ ಹರಿದ ಹಾಗೆ ಶಬ್ದ ಬರುತ್ತೆ, ಆಮೇಲೆ ಸ್ಪೀಕರೇ ಹೋಗುತ್ತೆ. ಮೊದ್ಲು ಎಷ್ಟಿತ್ತು ಅಂತ ಬರ್ಕೊಂಡಿದ್ರೆ ವಾಪಸ್ ಹಾಕಿ

ಮೈಸೂರು ಭಾವ: ಮಾವ ಆ ಎಪಿಕೆ ನೀವು ಇನ್‌ಸ್ಟಾಲ್ ಮಾಡಿದೀರಾ? ಬ್ಯಾಂಕಲ್ಲಿ ಕೂತು ನೋಡ್ತಾ ಇರ್ತೀನಿ, ಮದುವೆ ಕರೆಯೋಲೆ ಅಂತ ವಾಟ್ಸಾಪಲ್ಲಿ ಎಪಿಕೆ ಬರೋದು, ಟ್ರಾಫಿಕ್ ಚಲನ್ ಅಂತ ಎಪಿಕೆ ಬರೋದು, ಜನ ಒತ್ತೋದು, ಅದು ಎಸ್‌ಎಂಎಸ್ ಓದೋಕೆ ಪರ್ಮಿಶನ್ ಕೇಳುತ್ತೆ, ಕೊಟ್ರೆ ಓಟಿಪಿ ಎಲ್ಲಾ ಅವ್ರ ಕೈಗೆ. ಸೌಂಡ್ ಜಾಸ್ತಿ ಮಾಡೋ ಆಪಿಗೆ ಎಸ್‌ಎಂಎಸ್ ಯಾಕೆ ಬೇಕು ಹೇಳಿ

ಸಾಗರ ಚಿಕ್ಕಪ್ಪ: ಹಾಕಿದೀನಿ ಅಳಿಯಂದ್ರೇ. ಏನೋ ಅಲೌ ಅಲೌ ಅಂತ ಕೇಳ್ತು, ಒತ್ತಿದೆ. ಆದ್ರೆ ದುಡ್ಡೇನೂ ಹೋಗಿಲ್ಲ

ಮೈಸೂರು ಭಾವ: ಮೊದ್ಲು ಫೋನಿನ ಡೇಟಾ ವೈಫೈ ಎರಡೂ ಆಫ್ ಮಾಡಿ, ಈಗ್ಲೇ ಕಾಲ್ ಮಾಡ್ತೀನಿ

ಅಪ್ಪು: ಮಾವ ಈ ಎಪಿಕೆ ಎಲ್ಲಾ ಬೇಡ, ಫೋನಲ್ಲಿ ಆಪ್ ಮಾಡೋರಿಗೆ ಅಂತ ಮುಚ್ಚಿಟ್ಟ ಡೆವಲಪರ್ ಆಪ್ಶನ್ಸ್ ಮೆನು ಇರುತ್ತಲ್ಲ, ಅದರಲ್ಲಿ ಡಿಸೇಬಲ್ ಅಬ್ಸೊಲ್ಯೂಟ್ ವಾಲ್ಯೂಮ್ ಅಂತ ಇದೆ, ಅದನ್ನ ಆನ್ ಮಾಡಿದ್ರೆ ಸರಿ ಹೋಗುತ್ತೆ. ನಮ್ ಕ್ಲಾಸಲ್ಲಿ ಎಲ್ಲರೂ ಅದೇ ಮಾಡೋದು

ನಾನು: ಅಪ್ಪು ಸರಿಯಾಗಿ ಹೇಳ್ದ, ಅದು ನಿಜವಾದ ದಾರಿ. ಅತ್ತೆ ಸ್ವಲ್ಪ ಉದ್ದ ಬರೀತೀನಿ ಓದಿ. ಬ್ಲೂಟೂತಲ್ಲಿ ಸೌಂಡು ಎರಡು ಕಡೆ ಇರುತ್ತೆ, ಒಂದು ಫೋನಲ್ಲಿ ಒಂದು ನೆಕ್‌ಬ್ಯಾಂಡಲ್ಲಿ, ಒಂದೇ ಪೈಪಿಗೆ ಎರಡು ನಲ್ಲಿ ಇದ್ದಂಗೆ, ಯಾವುದೇ ಒಂದು ಅರ್ಧ ಮುಚ್ಚಿದ್ರೂ ನೀರು ಕಮ್ಮಿ. ಮೊದ್ಲೆಲ್ಲಾ ಎರಡನ್ನೂ ಬೇರೆ ಬೇರೆ ತಿರುಗಿಸ್ಬೇಕಿತ್ತು. ಆಮೇಲೆ ಬ್ಲೂಟೂತಿನ ಎವಿಆರ್‌ಸಿಪಿ ಅನ್ನೋ ನಿಯಮದ 1.4 ಆವೃತ್ತಿಯಲ್ಲಿ ಅಬ್ಸೊಲ್ಯೂಟ್ ವಾಲ್ಯೂಮ್ ಬಂತು, ಫೋನು ತನ್ನ ಕಡೆಯಿಂದ ಪೂರ್ತಿ ಕಳಿಸಿ, ನೀನು ಇಷ್ಟಕ್ಕೆ ಇರು ಅಂತ ನೆಕ್‌ಬ್ಯಾಂಡಿಗೆ 0 ಇಂದ 127ರೊಳಗೆ ಒಂದು ಅಂಕಿ ಹೇಳುತ್ತೆ. ಆಂಡ್ರಾಯ್ಡಲ್ಲಿ ಮಾಮೂಲಿಗೆ 15 ಮೆಟ್ಟಿಲು, ನೆಕ್‌ಬ್ಯಾಂಡಲ್ಲಿ ಎಷ್ಟು ಮೆಟ್ಟಿಲು ಇಡ್ಬೇಕು, ಯಾವ ಅಂಕಿಗೆ ಎಷ್ಟು ಸೌಂಡು ಕೊಡ್ಬೇಕು ಅನ್ನೋದು ಅದನ್ನ ಮಾಡಿದವ್ರ ಇಷ್ಟ. ಅಗ್ಗದ ನೆಕ್‌ಬ್ಯಾಂಡಲ್ಲಿ ಈ ಲೆಕ್ಕ ತಪ್ಪಿರುತ್ತೆ, ಫೋನಲ್ಲಿ ಗೆರೆ ತುದಿಗೆ ಹೋದ್ರೂ ಇಲ್ಲಿ ಅರ್ಧಕ್ಕೇ ನಿಂತಿರುತ್ತೆ, ಇಲ್ಲಾ ಒಂದು ಮೆಟ್ಟಿಲು ಏರಿಸಿದ್ರೆ ಒಂದೇ ಸಲ ಕಿವಿ ಒಡೆಯೋ ಹಾಗೆ ಬರುತ್ತೆ. ಅಪ್ಪು ಹೇಳಿದ ಆಪ್ಶನ್ ಆನ್ ಮಾಡಿದ್ರೆ ಎರಡೂ ನಲ್ಲಿ ಮತ್ತೆ ಬೇರೆ ಬೇರೆ ತಿರುಗಿಸ್ಬೋದು. ನಿಮ್ಮ ಕಾಲ್ ಚೆನ್ನಾಗಿ ಕೇಳೋದು ಯಾಕೇಂದ್ರೆ ಕಾಲಿಗೆ ಬ್ಲೂಟೂತಲ್ಲಿ ಬೇರೆ ಪ್ರೊಫೈಲು, ಅಂದ್ರೆ ಬೇರೆ ದಾರಿ, ಅದರ ಸೌಂಡೇ ಬೇರೆ, ಕಾಲ್ ನಡೀತಿರುವಾಗ ಗುಂಡಿ ಒತ್ತಿದ್ರೆ ಅದು ಮಾತ್ರ ಬದಲಾಗುತ್ತೆ, ಹಾಡಿಂದು ಬದಲಾಗಲ್ಲ

ಶಿರಸಿ ಅತ್ತೆ: ನಲ್ಲಿ ಲೆಕ್ಕ ತಿಳೀತು ಮಗಾ. ಆ ಆಪ್ಶನ್ ಎಲ್ಲಿದೆ?

ಅಪ್ಪು: ಸೆಟ್ಟಿಂಗ್ಸ್, ಅಬೌಟ್ ಫೋನ್, ಬಿಲ್ಡ್ ನಂಬರ್ ಮೇಲೆ 7 ಸಲ ಒತ್ಬೇಕು ಅಜ್ಜಿ, ಆಗ ಡೆವಲಪರ್ ಆಪ್ಶನ್ಸ್ ಕಾಣ್ಸುತ್ತೆ. ಸ್ಯಾಮ್‌ಸಂಗಲ್ಲಾದ್ರೆ ಸಾಫ್ಟ್‌ವೇರ್ ಇನ್ಫರ್ಮೇಶನ್ ಒಳಗಿರುತ್ತೆ ಅದು. ನಾನು ಬಂದು ಮಾಡ್ತೀನಿ

ಮೈಸೂರು ಭಾವ: ಅಪ್ಪು ಬೇಡ. ಡೆವಲಪರ್ ಆಪ್ಶನ್ಸ್ ಆನ್ ಇದ್ರೆ ಕೆಲವು ಬ್ಯಾಂಕ್ ಆಪ್ ಓಪನ್ನೇ ಆಗಲ್ಲ. ಅತ್ತೆ ಪೆನ್ಶನ್ ನೋಡೋದು ಅದೇ ಫೋನಲ್ಲಿ, ಒಂದನೇ ತಾರೀಖು ನನಗೇ ಫೋನ್ ಬರುತ್ತೆ ಆಮೇಲೆ. ಫೋನಿನ ವಾರಂಟಿನೂ ಹೋಗುತ್ತೆ ಅಂತಾರೆ

ನಾನು: ಭಾವ ವಾರಂಟಿ ಹೋಗಲ್ಲ, ಬೂಟ್‌ಲೋಡರ್ ಅನ್‌ಲಾಕ್, ಅಂದ್ರೆ ಫೋನಿನ ಮೂಲ ಸಾಫ್ಟ್‌ವೇರಿನ ಬೀಗ ತೆಗೆಯೋದು, ಅದೇ ಬೇರೆ ವಿಷಯ, ಇದು ಗೂಗಲ್ಲೇ ಕೊಟ್ಟಿರೋ ಮೆನು. ಬ್ಯಾಂಕ್ ಆಪ್ ವಿಷಯ ಮಾತ್ರ ಒಪ್ತೀನಿ

ಅಪ್ಪು: ಅದು ಆನ್ ಮಾಡಿ ಆಮೇಲೆ ಡೆವಲಪರ್ ಆಪ್ಶನ್ಸ್ ಆಫ್ ಮಾಡಿದ್ರಾಯ್ತಲ್ಲ?

ನಾನು: ಆಗಲ್ಲ ಅಪ್ಪು. ಮೇಲಿನ ಸ್ವಿಚ್ ಆಫ್ ಮಾಡಿದ್ರೆ ಅಬ್ಸೊಲ್ಯೂಟ್ ವಾಲ್ಯೂಮೂ ಮೊದಲಿದ್ದ ಹಾಗೇ ಆಗ್ಬಿಡುತ್ತೆ. ಇನ್ನೊಂದು, ಅದನ್ನ ಡಿಸೇಬಲ್ ಮಾಡಿದ್ಮೇಲೆ ನೆಕ್‌ಬ್ಯಾಂಡ್ ಗುಂಡಿ ಬೇರೆ ಫೋನಿನ ಗೆರೆ ಬೇರೆ ಆಗುತ್ತೆ, ಮೊದಲ ಸಲ ಕಿವಿಗೆ ಹಾಕೋಕ್ ಮುಂಚೆ ಫೋನಲ್ಲಿ ಪೂರ್ತಿ ಇಳಿಸ್ಬೇಕು, ಇಲ್ಲಾಂದ್ರೆ ನೆಕ್‌ಬ್ಯಾಂಡು ಪೂರ್ತಿಯಲ್ಲಿದ್ರೆ ಎದೆ ಝಲ್ ಅನ್ನೋ ಹಾಗೆ ಬರುತ್ತೆ. ಅತ್ತೆ ಒಬ್ರೇ ಇರೋ ಹೊತ್ತಲ್ಲಿ ಹಾಗಾಗೋದು ಬೇಡ

ಅಪ್ಪು: ಹಂಗಾದ್ರೆ ಅಜ್ಜಿಗೆ ಕೇಳ್ದೇ ಇದ್ರೂ ಪರ್ವಾಗಿಲ್ಲ, ಬ್ಯಾಂಕ್ ಆಪ್ ಓಪನ್ ಆಗ್ಬೇಕು ಅಂತನಾ? ಅವ್ರಿಗೆ ಇಡೀ ದಿನ ಇರೋದು ಅದೊಂದೇ

ಶಿರಸಿ ಅತ್ತೆ: ಪೆನ್ಶನ್ನೂ ಬೇಕು ತಾಳಮದ್ದಳೆನೂ ಬೇಕು. ಜಗಳ ಆಡ್ಬೇಡಿ, ಬೇರೆ ದಾರಿ ಇದ್ರೆ ಹೇಳಿ

ನಾನು: ಇದೆ ಅತ್ತೆ, ಅದನ್ನೇ ಮೊದ್ಲು ಮಾಡ್ಬೇಕು. ಅಪ್ಪು ಬಂದ್ಮೇಲೆ ಹೀಗೆ ಮಾಡಿಸಿ. ಇಯರ್‌ಬಡ್ ತುದಿ ರಬ್ಬರ್ ತೆಗೆದು ಒಳಗಿನ ಜಾಲರಿ ನೋಡಿ, ಕಿವಿ ಗುಗ್ಗೆ ಕಟ್ಟಿದ್ರೆ ಒಣಗಿದ ಮೆತ್ತನೆ ಬ್ರಷ್ಷಲ್ಲಿ ಜಾಲರಿ ಕೆಳಮುಖ ಹಿಡ್ಕೊಂಡು ಉಜ್ಜಿ, ನೀರು ಸ್ಪಿರಿಟ್ ಸುರಿಬೇಡಿ, ಪಿನ್ನಲ್ಲಿ ಚುಚ್ಬೇಡಿ. ಆಮೇಲೆ ಫೋನಿನ ಬ್ಲೂಟೂತಲ್ಲಿ ನೆಕ್‌ಬ್ಯಾಂಡ್ ಹೆಸರಿನ ಪಕ್ಕ ಫರ್ಗೆಟ್ ಅಥವಾ ಅನ್‌ಪೇರ್ ಒತ್ತಿ. ಅಪ್ಪು ನಿನ್ನ ಫೋನಿಗೂ ಅದು ಪೇರ್ ಆಗಿದೆ ಅಲ್ವಾ, ನೀನೂ ಫರ್ಗೆಟ್ ಮಾಡು, ಕೆಲವು ನೆಕ್‌ಬ್ಯಾಂಡ್ ಎರಡು ಫೋನಿಗೂ ಒಟ್ಟಿಗೇ ಅಂಟ್ಕೊಂಡಿರುತ್ತೆ. ನೆಕ್‌ಬ್ಯಾಂಡ್ ರೀಸೆಟ್ ಮಾಡು, ಹೇಗೆ ಅಂತ ಡಬ್ಬದಲ್ಲಿ ಬಂದ ಚೀಟಿಲಿ ಇರುತ್ತೆ. ಆಮೇಲೆ ಹೊಸದಾಗಿ ಪೇರ್ ಮಾಡಿ, ಹಾಡು ಓಡ್ತಿರುವಾಗಲೇ ನೆಕ್‌ಬ್ಯಾಂಡಿನ ಪ್ಲಸ್ ಗುಂಡಿ ಒತ್ತುತ್ತಾ ಹೋಗ್ಬೇಕು, ಕೆಲವದ್ರಲ್ಲಿ ಒತ್ತಿ ಬಿಟ್ರೆ ಸೌಂಡು, ಒತ್ತಿ ಹಿಡಿದ್ರೆ ಮುಂದಿನ ಹಾಡು, ಇನ್ನು ಕೆಲವದ್ರಲ್ಲಿ ಉಲ್ಟಾ. ಸೆಟ್ಟಿಂಗ್ಸಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಅಂತ ಇದ್ರೆ ಆಫ್ ಇದೆಯಾ ನೋಡು, ಅಕ್ಸೆಸಿಬಿಲಿಟಿಲಿ ಎಡ ಬಲ ಬ್ಯಾಲೆನ್ಸ್ ಮಧ್ಯದಲ್ಲಿದೆಯಾ ಅದನ್ನೂ ನೋಡು. ಇದ್ಯಾವುದರಲ್ಲೂ ಆಗ್ಲಿಲ್ಲ ಅಂದ್ರೆ ಮಾತ್ರ ಡೆವಲಪರ್ ಆಪ್ಶನ್ಸ್ ಮಾತಾಡೋಣ

ಸಾಗರ ಚಿಕ್ಕಪ್ಪ: ಒಂದು ಕೇಳ್ತೀನಿ. ಬೂಸ್ಟರ್ ಆಪ್ ಪ್ಲೇ ಸ್ಟೋರಲ್ಲೂ ಎಷ್ಟೋ ಇದಾವೆ, ಲಕ್ಷಾಂತರ ಜನ ಹಾಕಿದಾರೆ. ಎಲ್ಲಾ ಸುಳ್ಳಾ?

ನಾನು: ಸುಳ್ಳಲ್ಲ ಚಿಕ್ಕಪ್ಪ, ಆದ್ರೆ ಅವು ಮಾಡೋ ಕೆಲಸಕ್ಕೆ ಒಂದು ಮಿತಿ ಇದೆ. ಡಿಜಿಟಲ್ ಸೌಂಡಿಗೆ ಒಂದು ಛಾವಣಿ ಇರುತ್ತೆ, ಅದರ ಮೇಲೆ ಜಾಗವೇ ಇಲ್ಲ. ಈಗಿನ ಹಾಡೆಲ್ಲಾ ಛಾವಣಿ ಮುಟ್ಟೋ ಹಾಗೇ ರೆಕಾರ್ಡ್ ಮಾಡಿರ್ತಾರೆ, ಅದನ್ನ ಮತ್ತೆ ಎತ್ತಿದ್ರೆ ತುದಿ ಕತ್ತರಿಸಿ ಹೋಗುತ್ತೆ, ಗರಗರ ಅನ್ನುತ್ತೆ. ಹಳೇ ಕ್ಯಾಸೆಟ್ಟಿಂದ ಏರಿಸಿದ ತಾಳಮದ್ದಳೆ ಹಾಗಲ್ಲ, ಅಲ್ಲಿ ರೆಕಾರ್ಡಿಂಗೇ ತಗ್ಗಲ್ಲಿರುತ್ತೆ, ಮೇಲೆ ಜಾಗ ಇರುತ್ತೆ, ಎತ್ತಿದ್ರೆ ನಿಜವಾಗ್ಲೂ ಜೋರಾಗುತ್ತೆ. ಅಷ್ಟರಮಟ್ಟಿಗೆ ನೀವು ಹೇಳೋದು ಸರಿ. ಅದಕ್ಕೆ ಗೊತ್ತಿಲ್ಲದ ಆಪ್ ಬೇಕಿಲ್ಲ, ವಿಎಲ್‌ಸಿ ಅನ್ನೋ ಪ್ಲೇಯರ್ ಆಪ್ ಸಾಕು, ಮೆಮೊರಿ ಕಾರ್ಡಲ್ಲಿರೋ ಫೈಲು ಅದರಲ್ಲಿ ಹಾಕಿದ್ರೆ 200%ವರೆಗೂ ಏರಿಸ್ಬೋದು, ದುಡ್ಡಿಲ್ಲ, ಜಾಹೀರಾತೂ ಇಲ್ಲ

ಶಿರಸಿ ಅತ್ತೆ: ನನ್ನ ಹತ್ರ ಇರೋದು ಹೆಚ್ಚಿಂದು ಹಳೇ ಕ್ಯಾಸೆಟ್ಟಿಂದೇ. ನಿಮ್ಮ ಮಾವ ಇದ್ದಾಗ ಪೇಟೇಲಿ ಕೊಟ್ಟು ಕಾರ್ಡಿಗೆ ಹಾಕ್ಸಿದ್ದು

ಮೈಸೂರು ಅಕ್ಕ: ಡ್ಯೂಟಿ ಮುಗ್ಸಿ ಈಗ ನೋಡ್ದೆ. ಎಲ್ಲರೂ ಸೌಂಡ್ ಏರಿಸೋದೇ ಮಾತಾಡ್ತಿದೀರಿ, ಕಿವಿ ಬಗ್ಗೆ ಯಾರೂ ಕೇಳ್ಲಿಲ್ಲ. ತಾಳಮದ್ದಳೇಲಿ ಅರ್ಥದ ಮಾತು ಮೆತ್ತಗೆ ಇರುತ್ತೆ, ಭಾಗವತರ ಪದ ಶುರುವಾದ ಕೂಡ್ಲೆ ಚೆಂಡೆ. ಅರ್ಥ ಕೇಳೋ ಹಾಗೆ 200% ಇಟ್ರೆ ಚೆಂಡೆ ಪೆಟ್ಟು ನೇರ ಕಿವಿ ಒಳಗೆ ಬೀಳುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಸೇರಿ 2019ರಲ್ಲಿ ಕೊಟ್ಟ ಮಾನದಂಡದಲ್ಲಿ ದೊಡ್ಡವ್ರಿಗೆ 80 ಡೆಸಿಬಲ್ ಆದ್ರೆ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬಲ್. ಪ್ರತಿ 3 ಡೆಸಿಬಲ್ ಏರಿದ್ರೆ ಸಮಯ ಅರ್ಧ ಆಗುತ್ತೆ, 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5. ಅತ್ತೆ ದಿನಾ ಎಷ್ಟೊತ್ತು ಕೇಳ್ತೀರಿ?

ಶಿರಸಿ ಅತ್ತೆ: ಮಧ್ಯಾಹ್ನ ಊಟ ಆದ್ಮೇಲೆ ಒಂದು ಪ್ರಸಂಗ ಮುಗಿಯೋವರೆಗೂ

ಮೈಸೂರು ಅಕ್ಕ: ಅಂದ್ರೆ ಮೂರು ನಾಲ್ಕು ಗಂಟೆ. ಟಿವಿ ಸೌಂಡೂ ಈಗ ಜಾಸ್ತಿ ಇಡ್ತೀರಾ? ಎದುರಿಗೆ ಕೂತು ಮಾತಾಡಿದ್ರೆ ತಿಳಿಯುತ್ತೆ, ಬೆನ್ನು ಹಾಕಿ ಮಾತಾಡಿದ್ರೆ ತಿಳಿಯಲ್ಲ ಅನ್ಸುತ್ತಾ?

ಅಪ್ಪು: ಹೌದು ದೊಡ್ಡಮ್ಮ. ಟಿವಿಗೆ ಅಮ್ಮ ದಿನಾ ಹೇಳ್ತಾಳೆ

ಮೈಸೂರು ಅಕ್ಕ: ಹಾಗಾದ್ರೆ ನೆಕ್‌ಬ್ಯಾಂಡ್ ಸರಿಯಾದ್ರೂ ಒಂದ್ಸಲ ಕಿವಿ ತೋರಿಸ್ಲೇಬೇಕು ಅತ್ತೆ. ಬರೀ ಗುಗ್ಗೆ ಗಟ್ಟಿ ಆಗಿದ್ರೂ ಹೀಗೇ ಆಗುತ್ತೆ, ಡಾಕ್ಟ್ರು ತೆಗೆದ್ರೆ ಮುಗೀತು. ವಯಸ್ಸಿಂದ ಆದ್ರೆ ಮೊದ್ಲು ಹೋಗೋದು ಚೂಪು ಶಬ್ದ, ಸ ಶ ತ ಥರದ್ದು, ಮಾತು ಕೇಳುತ್ತೆ ಆದ್ರೆ ಏನಂದ್ರು ಅಂತ ತಿಳಿಯಲ್ಲ. ಅದಕ್ಕೆ ಸೌಂಡ್ ಏರಿಸಿದ್ರೆ ಪೂರ್ತಿ ಪ್ರಯೋಜನ ಇಲ್ಲ. ಇಲ್ಲಿ ಮಾನಸಗಂಗೋತ್ರಿಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕೇಳೋ ಶಕ್ತಿ ಎಲ್ಲಾ ಸರಿಯಾಗಿ ಅಳತೆ ಮಾಡ್ತಾರೆ, ಬನ್ನಿ ನಾನೇ ಕರ್ಕೊಂಡು ಹೋಗ್ತೀನಿ

ಶಿರಸಿ ಅತ್ತೆ: ನಂಗೆ ಕಿವಿ ಸರಿ ಇದೆ ಕಣೇ. ಫೋನ್ ಕಾಲ್ ಕೇಳುತ್ತಲ್ಲ

ಮೈಸೂರು ಅಕ್ಕ: ಸರಿ ಇದ್ರೆ ಸರಿ ಇದೆ ಅಂತ ಕಾಗದದಲ್ಲಿ ಬರ್ಲಿ ಅತ್ತೆ, ನಂಗೂ ಸಮಾಧಾನ. ಮಶೀನ್ ಹಾಕ್ತಾರೆ ಅಂತ ಹೆದರ್ಕೊಂಡು ತಳ್ಬೇಡಿ. ನಿಮ್ಮನ್ನ ಬಲವಂತ ಮಾಡ್ತಿಲ್ಲ, ನೀವು ಕೇಳೋದು ನಿಲ್ಲಿಸ್ಬಾರ್ದು ಅಂತಲೇ ಹೇಳ್ತಿರೋದು

ಶಿರಸಿ ಅತ್ತೆ: ದಸರಾ ರಜೆಗೆ ಅಪ್ಪುನೂ ಬರ್ತಾನೆ, ಆವಾಗ ನೋಡಣ

(ಸಂಜೆ)

ಅಪ್ಪು: ಎಡಗಡೆ ಜಾಲರಿ ಪೂರ್ತಿ ಮುಚ್ಚಿತ್ತು. ಉಜ್ಜಿದೆ. ಎರಡೂ ಫೋನಿಂದ ಫರ್ಗೆಟ್ ಮಾಡಿ ರೀಸೆಟ್ ಮಾಡಿ ಅಜ್ಜಿ ಫೋನಿಗೆ ಮಾತ್ರ ಪೇರ್ ಮಾಡಿದೆ. ಈಗ ನ್ಯೂಸು, ಹೊಸ ಭಜನೆ ಎಲ್ಲಾ ಗೆರೆ 9ರಲ್ಲಿ ಇಟ್ರೂ ಸಾಕು. ತಾಳಮದ್ದಳೆ ಮಾತ್ರ ಇನ್ನೂ ಸಣ್ಣ ಇತ್ತು, ವಿಎಲ್‌ಸಿಲಿ 130 ಇಟ್ಟಿದೀನಿ. ಡೆವಲಪರ್ ಆಪ್ಶನ್ಸ್ ಮುಟ್ಟಿಲ್ಲ

ಶಿರಸಿ ಅತ್ತೆ: ಸಂಧಾನ ಪ್ರಸಂಗದ ಅರ್ಥ ಪೂರ್ತಿ ಕೇಳ್ತು. ಚೆಂಡೆ ಬಂದಾಗ ನಾನೇ ಗುಂಡಿ ಒತ್ತಿ ಇಳಿಸ್ತೀನಿ

ಮೈಸೂರು ಭಾವ: ಮಾವನ ಫೋನಿಂದ ಆ ಆಪ್ ತೆಗೆಸಿದೆ. ಅಕ್ಸೆಸಿಬಿಲಿಟಿಲೂ ಹೆಸರಿತ್ತು, ಎಸ್‌ಎಂಎಸ್ಸಿಗೂ ಪರ್ಮಿಶನ್ ಕೊಟ್ಟಿತ್ತು. ಯುಪಿಐ ಪಿನ್ ಬದಲಾಯಿಸಿದಾರೆ

ಸಾಗರ ಚಿಕ್ಕಪ್ಪ: ಇಲ್ಲಿ ಹಾಕಿದ್ದು ಎಲ್ಲರಿಗೂ ಡಿಲೀಟ್ ಮಾಡಿದೀನಿ. ನಮ್ಮ ಭಜನಾ ಮಂಡಳಿ ಗುಂಪಿಗೂ ಹಾಕಿದ್ದೆ, ಅಲ್ಲಿ ಇಬ್ರು ಆಗ್ಲೇ ಹಾಕ್ಕೊಂಡಿದಾರೆ. ತೆಗೆಯೋದು ಹೇಗೆ ಅಂತ ಬರ್ದು ಕೊಡಿ ಅಳಿಯಂದ್ರೇ, ಈಗ್ಲೇ ಅಲ್ಲಿ ಹಾಕ್ತೀನಿ

ಮೈಸೂರು ಭಾವ: ಡೇಟಾ ವೈಫೈ ಆಫ್ ಮಾಡಿ. ಸೆಟ್ಟಿಂಗ್ಸ್, ಅಕ್ಸೆಸಿಬಿಲಿಟಿಲಿ ಆ ಆಪ್ ಹೆಸರಿದ್ರೆ ಆಫ್ ಮಾಡಿ, ಡಿವೈಸ್ ಅಡ್ಮಿನ್ ಪಟ್ಟೀಲಿ ಇದ್ರೆ ಅಲ್ಲೂ ತೆಗೀರಿ, ಆಮೇಲೆ ಆಪ್ಸಲ್ಲಿ ಹೋಗಿ ಅನ್‌ಇನ್‌ಸ್ಟಾಲ್. ನೆಟ್ ಆನ್ ಮಾಡಿ ಪ್ಲೇ ಸ್ಟೋರಿನ ಪ್ಲೇ ಪ್ರೊಟೆಕ್ಟಲ್ಲಿ ಸ್ಕ್ಯಾನ್ ಮಾಡಿ. ಪಿನ್, ಪಾಸ್‌ವರ್ಡ್ ಬೇರೆ ಫೋನಿಂದ ಬದಲಾಯಿಸಿ. ದುಡ್ಡು ಹೋಗಿದ್ದು ಕಂಡ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮಾವ ಇದರ ಜೊತೆ ಆ ಇಬ್ಬರಿಗೂ ನೀವೇ ಫೋನ್ ಮಾಡಿ ಹೇಳಿ, ಮೆಸೇಜ್ ನೋಡೋವರೆಗೂ ಕಾಯ್ಬೇಡಿ

ಸಾಗರ ಚಿಕ್ಕಪ್ಪ: ಒಬ್ಬರಿಗೆ ಹೇಳಾಯ್ತು, ತೆಗೀತಾ ಇದಾರೆ. ಇನ್ನೊಬ್ರು ಫೋನ್ ಎತ್ತಲಿಲ್ಲ, ಅವ್ರ ಮನೆಗೇ ಹೋಗ್ತಿದೀನಿ