ದೊಡ್ಡಪ್ಪನ ಕಣ್ಣಿನ ವಿಷಯ: ಮುಂದೇನು ಅಂತ ಕೇಳಿದ್ದಕ್ಕೆ

ಎಲ್ಲರಿಗೂ ನಮಸ್ಕಾರ. ಮೆಸೇಜ್ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಪೂರ್ತಿ ಕೇಳಿ. ಅಣ್ಣ ನಿನ್ನೆ ರಾತ್ರಿ ಹಾಕಿದ್ದನ್ನು ಈಗ ಕೇಳಿಸಿಕೊಂಡೆ. ದೊಡ್ಡಪ್ಪನಿಗೆ ಗ್ಲಾಕೋಮಾ. ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಲ್ಲಿ ನಡುವೆ ಸ್ವಲ್ಪ ಮಾತ್ರ ಕಾಣುತ್ತದೆ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಇನ್ನು ಮುಂದೇನು, ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಅಣ್ಣ ಕೇಳಿದ್ದಾನೆ. ಅದಕ್ಕೆ ಚಿಕ್ಕಪ್ಪ, "ಅಂಗಡಿ ಮುಚ್ಚಿಸಿ, ಮನೆಯಲ್ಲಿ ಆರಾಮಾಗಿ ಕೂತಿರಲಿ, ಬೇಕಾದ್ದನ್ನೆಲ್ಲ ಕೈಗೇ ತಂದು ಕೊಡೋಣ" ಅಂದಿದ್ದೀರಿ.

ಚಿಕ್ಕಪ್ಪ, ನೀವು ಪ್ರೀತಿಯಿಂದಲೇ ಹೇಳಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಕೈಮುಗಿದು ಕೇಳುತ್ತೇನೆ, ಹಾಗೆ ಮಾತ್ರ ಮಾಡಬೇಡಿ.

ನನ್ನ ಕಣ್ಣಿನ ಕಥೆ ನಿಮಗೆಲ್ಲ ಗೊತ್ತಿದೆ. ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಕಣ್ಣಿನ ಒಳಪರದೆ ನಿಧಾನವಾಗಿ ಹಾಳಾಗುವ ಕಾಯಿಲೆ. ಮೊದಲು ರಾತ್ರಿ ಕಾಣುವುದು ಕಡಿಮೆ ಆಯಿತು, ಆಮೇಲೆ ಪಕ್ಕದ ನೋಟ ಹೋಯಿತು. ಅವತ್ತು ಒಂದು ಆಸ್ಪತ್ರೆಯಲ್ಲಿ "ಇದಕ್ಕೆ ಚಿಕಿತ್ಸೆ ಇಲ್ಲ, ಮನೆಗೆ ಹೋಗಿ" ಅಂದರು, ಅಷ್ಟೇ. ಚಿಕಿತ್ಸೆ ಇಲ್ಲದಿದ್ದರೂ ತರಬೇತಿ ಇದೆ, ಕೋಲು ಹಿಡಿದು ನಡೆಯುವುದನ್ನು ಕಲಿಸುವವರಿದ್ದಾರೆ, ಮಾತಾಡುವ ಫೋನ್ ಇದೆ ಅಂತ ಒಬ್ಬರೂ ಹೇಳಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ದೊಡ್ಡಪ್ಪನಿಗೆ ಹಾಗಾಗಬಾರದು. ಡಾಕ್ಟರ ಕೆಲಸ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಬೇರೆಯವರ ಕೆಲಸ ಶುರುವಾಗುತ್ತದೆ. ಅವರು ಯಾರು, ಎಲ್ಲಿದ್ದಾರೆ ಅನ್ನುವುದನ್ನೇ ಹೇಳಬೇಕು ಅಂತ ಕೂತಿದ್ದೇನೆ.

ಅದಕ್ಕೂ ಮೊದಲು ಮಾವ ಫಾರ್ವರ್ಡ್ ಮಾಡಿದ ಆ ಔಷಧಿಯ ವಿಷಯ. ಕೆಲವೇ ವಾರಗಳಲ್ಲಿ ದೃಷ್ಟಿ ಮರಳುತ್ತದೆ ಅಂತ ಇದೆಯಲ್ಲ, ಅದನ್ನು ನಂಬಬೇಡಿ. ಗ್ಲಾಕೋಮಾದಲ್ಲಿ ಹಾಳಾಗುವುದು ಕಣ್ಣಿನಿಂದ ಮೆದುಳಿಗೆ ಹೋಗುವ ನರ. ಆ ನರ ಮತ್ತೆ ಬೆಳೆಯುವುದಿಲ್ಲ. ಈಗ ಹಾಕುತ್ತಿರುವ ಡ್ರಾಪ್ಸ್ ಕಣ್ಣಿನ ಒತ್ತಡ ಇಳಿಸಿ, ಉಳಿದಿರುವಷ್ಟನ್ನು ಕಾಪಾಡುವುದಕ್ಕೆ. ಬೇರೆ ಏನನ್ನೋ ನಂಬಿ ಅದನ್ನು ನಿಲ್ಲಿಸಿದರೆ ಉಳಿದದ್ದೂ ಹೋಗುತ್ತದೆ. ಡ್ರಾಪ್ಸ್ ಎರಡು ಬಾಟಲಿ ಇದೆ ಅಂತ ಅತ್ತಿಗೆ ಹೇಳಿದ್ದರು. ಒಂದಕ್ಕೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಇನ್ನೊಂದಕ್ಕೆ ಎರಡು. ಆಗ ದೊಡ್ಡಪ್ಪ ಮುಟ್ಟಿಯೇ ಗುರುತು ಹಿಡಿಯುತ್ತಾರೆ. ಒಂದು ಹಾಕಿ ಐದು ನಿಮಿಷ ಬಿಟ್ಟು ಇನ್ನೊಂದು.

ಇನ್ನೊಂದು ಮಾತು, ಇದು ನಮಗೆಲ್ಲರಿಗೂ. ಗ್ಲಾಕೋಮಾ ಮನೆತನದಲ್ಲಿ ಹರಿದು ಬರುವುದುಂಟು. ಒಡಹುಟ್ಟಿದವರಿಗೆ, ಮಕ್ಕಳಿಗೆ ಅಪಾಯ ಜಾಸ್ತಿ. ಶುರುವಿನಲ್ಲಿ ನೋವಿಲ್ಲ, ಏನೂ ಗೊತ್ತಾಗುವುದಿಲ್ಲ. ಚಿಕ್ಕಪ್ಪ, ನೀವೂ ಅತ್ತೆಯೂ ಈ ತಿಂಗಳೇ ಕಣ್ಣಿನ ಒತ್ತಡ ಮತ್ತು ನರ ಎರಡನ್ನೂ ತೋರಿಸಿಕೊಳ್ಳಿ. ಅಣ್ಣ, ನೀನೂ. ಸುಮ್ನೆ ಕನ್ನಡಕದ ನಂಬರ್ ನೋಡಿಸಿಕೊಂಡು ಬಂದರೆ ಸಾಲದು.

ಈಗ ದೊಡ್ಡಮ್ಮ ಹೇಳಿದ್ದು. ಎಲ್ಲರೂ ಅದನ್ನು ಕೇಳಿ ಸುಮ್ಮನಾಗಿಬಿಟ್ಟಿದ್ದೀರಿ, ಆದರೆ ನನ್ನ ಮನಸ್ಸಿನಲ್ಲಿ ಅದೇ ಉಳಿಯಿತು. ಸಂಜೆ ಹೊತ್ತು ದೊಡ್ಡಪ್ಪನಿಗೆ ಗೋಡೆ ಮೇಲೆ ಹೂವಿನ ಚಿತ್ತಾರ ಕಾಣುತ್ತದಂತೆ, ಯಾರೋ ಮಕ್ಕಳು ಅಂಗಳದಲ್ಲಿ ನಿಂತ ಹಾಗೆ ಕಾಣುತ್ತದಂತೆ. ಏನಾದರೂ ಸೋಕಿದೆಯಾ, ತಲೆ ಕೆಟ್ಟಿದೆಯಾ ಅಂತ ದೊಡ್ಡಮ್ಮನಿಗೆ ಭಯ. ದೊಡ್ಡಮ್ಮ, ಭಯ ಬೇಡ. ದೃಷ್ಟಿ ಕಳೆದುಕೊಂಡವರಲ್ಲಿ ಇದು ಎಷ್ಟೋ ಜನರಿಗೆ ಆಗುತ್ತದೆ. ಇದಕ್ಕೆ ಚಾರ್ಲ್ಸ್ ಬಾನೆಟ್ ಸಿಂಡ್ರೋಮ್ ಅನ್ನುತ್ತಾರೆ. 1760ರಲ್ಲೇ ಸ್ವಿಟ್ಜರ್ಲೆಂಡಿನ ಆ ವಿಜ್ಞಾನಿ, ಕಣ್ಣು ಮಂದವಾಗಿದ್ದ ತನ್ನ ಅಜ್ಜನಿಗೆ ಇಲ್ಲದ ಜನ, ಹಕ್ಕಿ, ಕಟ್ಟಡ ಕಾಣುತ್ತಿದ್ದುದನ್ನು ಬರೆದಿಟ್ಟಿದ್ದ. ಆ ಅಜ್ಜನ ಬುದ್ಧಿ ನೆಟ್ಟಗೇ ಇತ್ತು. ಕಣ್ಣಿನಿಂದ ಬರುತ್ತಿದ್ದ ಚಿತ್ರ ನಿಂತಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಕಂಡದ್ದು ನಿಜವಲ್ಲ ಅಂತ ನೋಡುವವರಿಗೇ ಗೊತ್ತಿರುತ್ತದೆ. ಹೆಚ್ಚಿನವರು ಇದನ್ನು ಯಾರಿಗೂ ಹೇಳುವುದಿಲ್ಲ, ಹುಚ್ಚು ಅಂದುಕೊಂಡುಬಿಡುತ್ತಾರೆ ಅಂತ ಹೆದರಿ ನುಂಗಿಕೊಳ್ಳುತ್ತಾರೆ. ದೊಡ್ಡಪ್ಪ ನಿಮ್ಮ ಹತ್ತಿರ ಹೇಳಿಕೊಂಡಿದ್ದಾರಲ್ಲ, ಅದೇ ದೊಡ್ಡದು. ಹರಿಹರೇಶ್ವರನ ಗುಡಿಗೆ ಖಂಡಿತ ಕರೆದುಕೊಂಡು ಹೋಗಿ, ಅವರಿಗೂ ಸಮಾಧಾನ. ಆದರೆ ಯಂತ್ರ, ತಾಯತ ಅಂತ ಹೊರಡಬೇಡಿ. ಮುಂದಿನ ಸಲ ಕಣ್ಣಿನ ಡಾಕ್ಟರಿಗೆ ಈ ವಿಷಯ ತಪ್ಪದೆ ಹೇಳಿ. ಕಾಣುವುದರ ಜೊತೆಗೆ ಧ್ವನಿಯೂ ಕೇಳಿಸುತ್ತದೆ, ಅಥವಾ ಅದೆಲ್ಲ ನಿಜ ಅಂತಲೇ ನಂಬುತ್ತಾರೆ ಅಂದರೆ ಅದು ಬೇರೆ, ಆಗ ತಡ ಮಾಡದೆ ತೋರಿಸಿ.

ಮೊದಲು ಆಗಬೇಕಾದ ಕಾಗದದ ಕೆಲಸ ಅಂದರೆ ಯುಡಿಐಡಿ ಕಾರ್ಡ್, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಇದು ಅಣ್ಣನ ಜವಾಬ್ದಾರಿ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು, ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ. ನಮ್ಮ ಕಡೆಯವರಿಗೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ. ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನ ಕೊಡಿ. ಗ್ಲಾಕೋಮಾದವರಿಗೆ ನಡುವಿನ ನೋಟ ಚೆನ್ನಾಗಿದ್ದರೆ ಚಾರ್ಟಿನ ಅಕ್ಷರ ಓದಿಬಿಡುತ್ತಾರೆ. ಆದರೆ ಅವರು ನೋಡುವುದು ಕೊಳವೆಯೊಳಗಿಂದ ನೋಡಿದ ಹಾಗೆ. ಪಕ್ಕದಲ್ಲಿ ಬರುವ ಬೈಕು, ಕಾಲಡಿಯ ಮೆಟ್ಟಿಲು ಕಾಣುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನೋಟದ ಅಗಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 40 ಡಿಗ್ರಿಗಿಂತ ಕಡಿಮೆ ಇದ್ದರೆ ಕಡಿಮೆ ದೃಷ್ಟಿ, 10 ಡಿಗ್ರಿಗಿಂತ ಕಡಿಮೆ ಇದ್ದರೆ ಅಂಧತ್ವ. ಮುಖ್ಯವಾಗಿ ಚೆನ್ನಾಗಿರುವ ಕಣ್ಣನ್ನು ನೋಡಿ ತೀರ್ಮಾನ ಮಾಡುತ್ತಾರೆ. ಹಾಗಾಗಿ ಫೀಲ್ಡ್ ಟೆಸ್ಟ್, ಅಂದರೆ ನೋಟದ ಅಗಲ ಅಳೆಯುವ ಪರೀಕ್ಷೆಯ ರಿಪೋರ್ಟ್ ಕೈಯಲ್ಲಿ ಇಲ್ಲದೆ ಹೋಗಲೇಬೇಡ. ಅಕ್ಷರ ಮಾತ್ರ ಓದಿಸಿ ಕಡಿಮೆ ಶೇಕಡಾ ಬರೆದರೆ ಅರ್ಧ ಸೌಲಭ್ಯ ಅಲ್ಲೇ ಹೋಗುತ್ತದೆ. ಹೆಚ್ಚಿನ ಸೌಲಭ್ಯಕ್ಕೆ ಕನಿಷ್ಠ 40 ಶೇಕಡಾ ಇರಬೇಕು.

ಕಾರ್ಡ್ ಬಂದ ಮೇಲೆ ಪಿಂಚಣಿಗೆ ಅರ್ಜಿ ಹಾಕಬಹುದು. ಅಂಧತ್ವ ಅಂತ ಬಂದರೆ ಕೆಎಸ್‌ಆರ್‌ಟಿಸಿಯ ಉಚಿತ ಪಾಸ್ ಇದೆ, ಉಳಿದ ಅಂಗವಿಕಲರಿಗೆ ರಿಯಾಯಿತಿ ಪಾಸ್. ಇದಕ್ಕೆಲ್ಲ ಕಚೇರಿ ಅಲೆಯುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಯಾರು ಅಂತ ಕೇಳಿ. ಅಂಗವಿಕಲರ ಕೆಲಸಕ್ಕೆ ಅಂತಲೇ ಇರುವವರು ಅವರು, ಎಷ್ಟೋ ಕಡೆ ಅವರೂ ಅಂಗವಿಕಲರೇ ಆಗಿರುತ್ತಾರೆ. ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಜಿಲ್ಲೆಯಲ್ಲಿ ಅಂಗವಿಕಲರ ಕಲ್ಯಾಣಾಧಿಕಾರಿ. ಊರಲ್ಲಿ ಇಂಥವರೊಬ್ಬರು ಇದ್ದಾರೆ ಅನ್ನುವುದೇ ಎಷ್ಟೋ ಮನೆಗಳಿಗೆ ಗೊತ್ತಿರುವುದಿಲ್ಲ. ನನಗೆ ಅದು ಬೇಸರದ ವಿಷಯ.

ಕಾಗದ ಓಡುತ್ತಿರಲಿ, ತರಬೇತಿಗೆ ಕಾಯಬೇಡಿ. ಬೆಂಗಳೂರಿನಲ್ಲಿ ಕೆಲವು ಒಳ್ಳೆಯ ಜಾಗಗಳಿವೆ. ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಮಿತ್ರ ಜ್ಯೋತಿ ಇದೆ. 1990ರಲ್ಲಿ ಅದನ್ನು ಶುರು ಮಾಡಿದ ಮಧು ಸಿಂಘಾಲ್ ಅವರಿಗೂ ದೃಷ್ಟಿ ಇಲ್ಲ. ಮಾತಾಡುವ ಪುಸ್ತಕಗಳ ಲೈಬ್ರರಿ, ಬ್ರೈಲ್, ಕಂಪ್ಯೂಟರ್ ಎಲ್ಲ ಅಲ್ಲಿದೆ. ಕೋರಮಂಗಲದಲ್ಲಿ ಎನೇಬಲ್ ಇಂಡಿಯಾ ಇದೆ. ಶಾಂತಿ ರಾಘವನ್ ಅವರು ದೃಷ್ಟಿ ಕಳೆದುಕೊಳ್ಳುತ್ತಿದ್ದ ತಮ್ಮ ಸಹೋದರನಿಗೆ ಕಲಿಸುತ್ತಾ ಹೋಗಿದ್ದೇ ಮುಂದೆ 1999ರಲ್ಲಿ ಸಂಸ್ಥೆ ಆಯಿತು. ಅಂದರೆ ನಮ್ಮಂಥದ್ದೇ ಒಂದು ಮನೆಯಿಂದ ಹುಟ್ಟಿದ್ದು. ಜೀವನ್ ಬಿಮಾ ನಗರದಲ್ಲಿ ನ್ಯಾಷನಲ್ ಅಸೋಸಿಯೇಷನ್ ಫಾರ್ ದ ಬ್ಲೈಂಡ್‌ನ ಕರ್ನಾಟಕ ಶಾಖೆ ಇದೆ. ಬೆಳಗಾವಿ ಕಡೆಯ ಮಹಾಂತೇಶ ಅವರು ಕಟ್ಟಿದ ಸಮರ್ಥನಂ ಇದೆ, ಅಂಧರ ಕ್ರಿಕೆಟ್ಟಿಗೆ ಬೆನ್ನೆಲುಬಾಗಿ ನಿಂತದ್ದು ಅದೇ. ಬರುವ ಮೊದಲು ಫೋನ್ ಮಾಡಿ, ದೊಡ್ಡಪ್ಪನ ವಯಸ್ಸಿನವರಿಗೆ ಏನು ಕಲಿಸುತ್ತಾರೆ ಅಂತ ಕೇಳಿಕೊಳ್ಳಬೇಕು. ಆ ಫೋನ್ ನಾನು ಮಾಡುತ್ತೇನೆ.

ನಮ್ಮ ಮನೆಯಲ್ಲಿ ಗದಗಿನ ಪುಟ್ಟರಾಜ ಗವಾಯಿಗಳ ಮಾತು ಆಗಾಗ ಬರುತ್ತದೆ. ಚಿಕ್ಕಂದಿನಲ್ಲೇ ಕಣ್ಣು ಹೋದರೂ ಎಂಥ ಸಾಧನೆ ಅಂತ. ನಿಜ, ವೀರೇಶ್ವರ ಪುಣ್ಯಾಶ್ರಮದಿಂದ ಹಾಡು ಕಲಿತು ಎಷ್ಟೋ ಜನ ಬದುಕು ಕಟ್ಟಿಕೊಂಡಿದ್ದಾರೆ. ಆದರೆ ಅದನ್ನು ದೊಡ್ಡಪ್ಪನ ಮುಂದೆ ಹೇಳಬೇಡಿ. ಚಿಕ್ಕಂದಿನಿಂದ ಕಾಣದವರಿಗೂ ಅರವತ್ತೆಂಟರಲ್ಲಿ ಕಳೆದುಕೊಂಡವರಿಗೂ ತುಂಬಾ ವ್ಯತ್ಯಾಸ ಇದೆ. ಇವರಿಗೆ ಕಳೆದುಕೊಂಡ ದುಃಖ ಇದೆ, ಅದು ಮೊದಲು ಹೊರಗೆ ಬರಲಿ. ಅತ್ತರೆ ಅಳಲಿ, ಸಿಟ್ಟು ಮಾಡಿದರೆ ಮಾಡಲಿ. ಊಟ, ನಿದ್ದೆ ಬಿಟ್ಟು ಮಂಕಾಗಿ ಕೂತರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, 14416. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಬ್ರೈಲ್ ಕಲಿಸಬೇಕಾ ಅಂತ ಅತ್ತಿಗೆ ಕೇಳಿದ್ದರು. ಈಗಲೇ ಬೇಡ ಅನ್ನಿಸುತ್ತದೆ. ಮೊದಲು ಬಿಳಿ ಕೋಲು, ಆಮೇಲೆ ಫೋನ್. ಕೋಲು ಅಂದರೆ ಊರಿಕೊಂಡು ನಡೆಯುವ ಊರುಗೋಲು ಅಲ್ಲ. ಎದೆಯವರೆಗೆ ಬರುವ ಹಗುರ ಕೋಲು, ಮುಂದಿನ ಹೆಜ್ಜೆ ಇಡುವ ಜಾಗವನ್ನು ಮೊದಲೇ ಮುಟ್ಟಿ ತಿಳಿಸುವುದು. ಅದನ್ನು ಕಲಿಸುವವರಿಂದಲೇ ಕಲಿಯಬೇಕು. ದೊಡ್ಡಪ್ಪ "ಊರವರ ಮುಂದೆ ನಾನು ಅದನ್ನು ಹಿಡಿಯಲ್ಲ" ಅನ್ನಬಹುದು. ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಬಲವಂತ ಮಾಡಬೇಡಿ, ಮೊದಲು ಹಿತ್ತಲಲ್ಲಿ, ಆಮೇಲೆ ಬೀದಿಯಲ್ಲಿ. ಕೈ ಹಿಡಿದು ಕರೆದೊಯ್ಯುವಾಗಲೂ ಅವರ ತೋಳು ಹಿಡಿದು ತಳ್ಳಬೇಡಿ. ನಿಮ್ಮ ಮೊಣಕೈಯ ಮೇಲೆ ಅವರು ಹಿಡಿದುಕೊಳ್ಳಲಿ, ಅರ್ಧ ಹೆಜ್ಜೆ ಹಿಂದೆ ಬರಲಿ. ಮೆಟ್ಟಿಲು ಬಂದರೆ ಹತ್ತುವುದಾ ಇಳಿಯುವುದಾ ಬಾಯಲ್ಲಿ ಹೇಳಿ.

ಫೋನಿಗೆ ಬರುತ್ತೇನೆ. ದುಬೈಯಲ್ಲಿರುವ ತಮ್ಮ, ಮಾತಾಡುವ ಸ್ಮಾರ್ಟ್ ಕನ್ನಡಕ ಕಳಿಸಲಾ ಅಂತ ಕೇಳಿದ್ದೀಯ. ಈಗ ಬೇಡಪ್ಪ. ಸಮಯ ಹೇಳುವ ಒಂದು ವಾಚು ತಾ ಸಾಕು. ಆಂಡ್ರಾಯ್ಡ್ ಫೋನಿನಲ್ಲೇ ಟಾಕ್‌ಬ್ಯಾಕ್ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಓದಿ ಹೇಳುತ್ತದೆ. ನಿಮ್ಮ ಮೆಸೇಜುಗಳನ್ನು ನಾನು ಕೇಳಿಸಿಕೊಳ್ಳುವುದು ಅದರಿಂದಲೇ. ಬೆರಳಿಟ್ಟಲ್ಲಿ ಏನಿದೆ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆದುಕೊಳ್ಳುತ್ತದೆ. ಶುರುವಿನಲ್ಲಿ ತಲೆ ಕೆಡುತ್ತದೆ, ಕೈ ಕೂರುವುದಕ್ಕೆ ವಾರಗಳು ಬೇಕು. ಆ ಹೊತ್ತಿನಲ್ಲಿ ಮೊಮ್ಮಕ್ಕಳು ಫೋನ್ ಕಿತ್ತುಕೊಂಡು ತಾವೇ ಮಾಡಿಕೊಡಬಾರದು.

ಅಂಗಡಿ ಮುಚ್ಚುವ ಮಾತು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು. ದೊಡ್ಡಪ್ಪನಿಗೆ ಆ ಅಂಗಡಿ ಬರೀ ವ್ಯಾಪಾರ ಅಲ್ಲ. ಊರಿನ ಸುದ್ದಿ, ಸ್ನೇಹ, ಮಾತು ಎಲ್ಲ ಅಲ್ಲೇ. ದುಡ್ಡಿನ ವಿಷಯದಲ್ಲಿ ಮೋಸ ಹೋಗುತ್ತಾರೆ ಅನ್ನುವುದು ಚಿಕ್ಕಪ್ಪನ ಚಿಂತೆ. ಅದಕ್ಕೂ ದಾರಿ ಇದೆ. ಈಗಿನ ನೋಟುಗಳಲ್ಲಿ 100, 200, 500 ಮೂರಕ್ಕೂ ಅಗಲ ಒಂದೇ, ಉದ್ದ ಮಾತ್ರ 142, 146, 150 ಮಿಲಿಮೀಟರ್. ಅಂಚಿನಲ್ಲಿ ಉಬ್ಬು ಗೆರೆಗಳಿವೆ. 100ಕ್ಕೆ ನಾಲ್ಕು, 200ಕ್ಕೆ ನಾಲ್ಕು ಗೆರೆ ಮತ್ತು ನಡುವೆ ಎರಡು ಸೊನ್ನೆ, 500ಕ್ಕೆ ಐದು. ಹಳೆಯದಾಗಿ ಸವೆದ ನೋಟಿನಲ್ಲಿ ಗೆರೆ ಸಿಗುವುದಿಲ್ಲ, ಅದು ಖಂಡಿತ ತೊಂದರೆಯೇ. ಅದಕ್ಕೆ ರಿಸರ್ವ್ ಬ್ಯಾಂಕಿನ ಮಣಿ ಅನ್ನುವ ಆಪ್ ಇದೆ. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ, ಇಂಟರ್ನೆಟ್ ಬೇಕಿಲ್ಲ. ಜೊತೆಗೆ ಯುಪಿಐ ಸೌಂಡ್‌ಬಾಕ್ಸ್ ಇಡಿ, ಎಷ್ಟು ದುಡ್ಡು ಬಂತು ಅಂತ ಕನ್ನಡದಲ್ಲೇ ಕೂಗುತ್ತದೆ. ಗಿರಾಕಿ ಫೋನ್ ತೋರಿಸಿ "ಹಾಕಿದೆ" ಅಂದರೆ ಒಪ್ಪಬೇಡಿ, ಪೆಟ್ಟಿಗೆ ಕೂಗಿದರೆ ಮಾತ್ರ ಸಾಮಾನು. ಗಲ್ಲಾಪೆಟ್ಟಿಗೆಯಲ್ಲಿ ಒಂದೊಂದು ನೋಟಿಗೆ ಒಂದೊಂದು ಖಾನೆ. ಡಬ್ಬಗಳ ಜಾಗ ಯಾವತ್ತೂ ಬದಲಾಗಬಾರದು. ಹಗಲು ಹೊತ್ತು ಒಬ್ಬ ಹುಡುಗ ಜೊತೆಗಿರಲಿ, ಆದರೆ ಗಲ್ಲಾದ ಮೇಲೆ ದೊಡ್ಡಪ್ಪನೇ ಕೂರಲಿ.

ಬ್ಯಾಂಕಿನಲ್ಲಿ ಕಣ್ಣು ಕಾಣದವರಿಗೆ ಚೆಕ್ ಬುಕ್, ಎಟಿಎಂ ಕಾರ್ಡ್ ಕೊಡುವುದಿಲ್ಲ ಅಂದರೆ ಹಾಗೇ ವಾಪಸ್ ಬರಬೇಡಿ. ಇಂಥವರಿಗೆ ಈ ಸೌಲಭ್ಯ ನಿರಾಕರಿಸಬಾರದು ಅಂತ 2008ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ನಾನೂ ಬ್ಯಾಂಕಿನಲ್ಲೇ ಕೆಲಸ ಮಾಡುವವಳು, ಧೈರ್ಯವಾಗಿ ಕೇಳಿ.

ಮನೆಯೊಳಗೆ, ಅತ್ತಿಗೆ, ಬಾಗಿಲು ಪೂರ್ತಿ ತೆರೆದಿರಲಿ ಇಲ್ಲವೇ ಪೂರ್ತಿ ಮುಚ್ಚಿರಲಿ, ಅರ್ಧ ಬಿಡಬೇಡಿ. ಬಚ್ಚಲ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಸಿ, ಉಳಿದಿರುವ ನೋಟಕ್ಕೆ ಅದು ಸಿಗುತ್ತದೆ. ಬಿಳಿ ತಟ್ಟೆಯಲ್ಲಿ ಅನ್ನ ಮೊಸರು ಕಾಣುವುದಿಲ್ಲ, ಗಾಢ ಬಣ್ಣದ ತಟ್ಟೆ ತನ್ನಿ. ಒಳಗೆ ಬಂದಾಗ "ನಾನು ಬಂದೆ" ಅನ್ನಿ, ಎದ್ದು ಹೋಗುವಾಗಲೂ ಹೇಳಿ ಹೋಗಿ. ಯಾರೂ ಇಲ್ಲದ ಕುರ್ಚಿಯ ಜೊತೆ ಮಾತಾಡುತ್ತಿದ್ದೇವೆ ಅಂತ ಗೊತ್ತಾದಾಗ ಆಗುವ ಸಂಕಟ ದೊಡ್ಡದು.

ಭಾನುವಾರ ಬೆಳಿಗ್ಗೆ ನಾನು ಫೋನ್ ಮಾಡುತ್ತೇನೆ. ಅವತ್ತು ಫೋನನ್ನು ದೊಡ್ಡಪ್ಪನ ಕೈಗೇ ಕೊಡಿ, ಸ್ಪೀಕರ್ ಬೇಡ. ಅಂಗಡಿ, ಕೋಲು, ಬೆಂಗಳೂರಿಗೆ ಬರುವುದು, ಯಾವುದನ್ನೂ ಅವರ ಪರವಾಗಿ ನಾವು ತೀರ್ಮಾನ ಮಾಡಿಬಿಡುವುದು ಬೇಡ. ಏನೇನು ಇದೆ ಅಂತ ನಾನು ಹೇಳುತ್ತೇನೆ, ಯಾವುದು ಬೇಕು ಅಂತ ಅವರು ಹೇಳಲಿ. ಅಣ್ಣ, ಅಷ್ಟರೊಳಗೆ ಫೀಲ್ಡ್ ಟೆಸ್ಟ್ ಯಾವಾಗ ಆಗಿತ್ತು ಅಂತ ನೋಡಿ ತಿಳಿಸು. ಹಳೆಯದಾಗಿದ್ದರೆ ಹೊಸದು ಮಾಡಿಸಿಕೊಂಡೇ ಅರ್ಜಿ ಹಾಕು.