ಕುರಿ ಕಾಯಲು ಹೋಗುವ ಅಣ್ಣನಿಗೆ ಸೋಲಾರ್ ಚಾರ್ಜರ್ ಬೇಕು, ಎಂಥದ್ದು ಕೊಡಿಸಲಿ?

ಬಾದಾಮಿ ಕಡೆಯವ:

ಎಲ್ಲರಿಗೂ ನಮಸ್ಕಾರ. ನಮ್ಮದು ಬಾದಾಮಿ ತಾಲೂಕಿನ ಒಂದು ಹಳ್ಳಿ. ನಮ್ಮ ಅಣ್ಣ, ಅತ್ತಿಗೆ, ಕಾಕಾ ಮೂವರೂ ದೀಪಾವಳಿ ಮುಗಿದ ಮೇಲೆ ಕುರಿ ಹೊಡೆದುಕೊಂಡು ರಾಯಚೂರು ಕಡೆ ಹೊರಟರೆ ಮತ್ತೆ ಊರು ಕಾಣುವುದು ಮುಂಗಾರು ಬಿದ್ದ ಮೇಲೆಯೇ. ಒಂದು ಹೊಲದಲ್ಲಿ ಎರಡು ಮೂರು ರಾತ್ರಿ ಕುರಿ ನಿಲ್ಲಿಸುತ್ತಾರೆ, ಗೊಬ್ಬರಕ್ಕೆ ಹೊಲದವರು ಕಾಳೋ ದುಡ್ಡೋ ಕೊಡುತ್ತಾರೆ, ಅಲ್ಲಿಂದ ಸಾಮಾನೆಲ್ಲ ಕುದುರೆ ಮೇಲೆ ಹೇರಿ ಮುಂದಿನ ಹೊಲಕ್ಕೆ. ಅಲ್ಲಿ ಕರೆಂಟ್ ಎಲ್ಲಿಂದ ಬರಬೇಕು? ಫೋನ್ ಚಾರ್ಜ್ ಆಗಬೇಕೆಂದರೆ ಹತ್ತಿರದ ಊರಿನ ಚಹಾದ ಅಂಗಡಿಯಲ್ಲೋ ಕಿರಾಣಿ ಅಂಗಡಿಯಲ್ಲೋ ಇಟ್ಟು ಬರಬೇಕು.

ಹೋದ ವರ್ಷ ಅವ್ವನಿಗೆ ಆರಾಮ ಇಲ್ಲದೆ ದವಾಖಾನೆಗೆ ಸೇರಿಸಿದ್ದೆವು. ಎರಡು ದಿನ ಫೋನ್ ಹಚ್ಚಿದರೂ ಅಣ್ಣ ಸಿಗಲಿಲ್ಲ, ಸ್ವಿಚ್ ಆಫ್. ಮೂರನೇ ದಿನ ಅವನೇ ಬೇರೆ ಯಾರದೋ ಫೋನಿನಿಂದ ಮಾಡಿದ, ವಿಷಯ ಕೇಳಿ ಅತ್ತುಬಿಟ್ಟ. ಅದಕ್ಕೇ ಈ ಸಲ ಅವರು ಹೊರಡುವ ಮೊದಲೇ ಏನಾದರೂ ಮಾಡಲೇಬೇಕು ಅಂತಿದ್ದೇನೆ.

ಅಣ್ಣನದು 5000 ಎಂಎಎಚ್ ಬ್ಯಾಟರಿಯ ಸ್ಮಾರ್ಟ್‌ಫೋನ್, ಕಾಕಾನದು ಬಟನ್ ಫೋನ್, ಜೊತೆಗೆ ಎರಡು ಚಾರ್ಜಿಂಗ್ ಟಾರ್ಚ್. ರಾತ್ರಿ ತೋಳದ ಕಾಟ ಇರುತ್ತದೆ, ಟಾರ್ಚ್ ಇಲ್ಲದೆ ಆಗುವುದೇ ಇಲ್ಲ. ಆನ್‌ಲೈನ್‌ನಲ್ಲಿ 20000 ಎಂಎಎಚ್ ಸೋಲಾರ್ ಪವರ್ ಬ್ಯಾಂಕ್ ನೋಡಿದೆ, ಅದರ ಬೆನ್ನಿಗೇ ಪ್ಯಾನೆಲ್ ಇದೆ, ಬೆಲೆಯೂ ಕಡಿಮೆ. ಇನ್ನೊಂದು ಚೀಲದ ತರಹ ಮಡಚುವ 21 ವ್ಯಾಟ್ ಪ್ಯಾನೆಲ್, ಅದು ತುಟ್ಟಿ. ಯಾವುದು ತಗೊಳ್ಳಲಿ? ಬಳಸಿದವರು ಹೇಳಿ.

ತಿಕೋಟಾ ದ್ರಾಕ್ಷಿ:

ಬೆನ್ನಿಗೆ ಪ್ಯಾನೆಲ್ ಅಂಟಿಸಿದ ಪವರ್ ಬ್ಯಾಂಕ್ ತಗೋಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ, ಕಷ್ಟದ ಲೆಕ್ಕ ಅಲ್ಲ.

ನೆತ್ತಿ ಮೇಲಿನ ಬಿಸಿಲಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಹತ್ತಿರ ಹತ್ತಿರ 1000 ವ್ಯಾಟ್ ಬೀಳುತ್ತದೆ. ಒಳ್ಳೆಯ ಪ್ಯಾನೆಲ್ ಅದರಲ್ಲಿ ನೂರಕ್ಕೆ 20ರಿಂದ 22 ಭಾಗ ಮಾತ್ರ ಕರೆಂಟ್ ಮಾಡುತ್ತದೆ. ಅಂಗೈ ಅಗಲದ ಪವರ್ ಬ್ಯಾಂಕಿನ ಪ್ಯಾನೆಲ್ ಅಂದರೆ 15 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲ. ಎಷ್ಟೇ ಚೆನ್ನಾಗಿದ್ದರೂ ಅದರಿಂದ ಎರಡು ವ್ಯಾಟ್ ಚಿಲ್ಲರೆ, ಕೈಗೆ ಸಿಗುವುದು ಒಂದು ಒಂದೂವರೆ. 20000 ಎಂಎಎಚ್ ಅಂದರೆ 74 ವ್ಯಾಟ್ ಅವರ್ (ಒಂದು ವ್ಯಾಟ್ ಒಂದು ತಾಸು ಸಿಕ್ಕರೆ ಒಂದು ವ್ಯಾಟ್ ಅವರ್). ದಿನಕ್ಕೆ ಐದು ತಾಸು ಗಟ್ಟಿ ಬಿಸಿಲು ಸಿಕ್ಕರೂ ಅದು ತುಂಬಲು ಹತ್ತರಿಂದ ಹದಿನೈದು ದಿನ ಬೇಕು! ಅಣ್ಣ ಅಷ್ಟು ದಿನ ಕಾಯುತ್ತಾ ಕೂರಲು ಆಗುತ್ತಾ?

ಜಾಹೀರಾತಿನಲ್ಲಿ ಏನೇ ಬರೆದಿರಲಿ, ಪ್ಯಾನೆಲ್ಲಿನ ಅಗಲ ನೋಡಿ. ಎ4 ಹಾಳೆಯಷ್ಟು ಜಾಗದಿಂದ 12, 13 ವ್ಯಾಟ್ ಬರಬಹುದು. ಅದಕ್ಕಿಂತ ತುಂಬಾ ಜಾಸ್ತಿ ಹೇಳಿದರೆ ಅದು ಸುಳ್ಳು. ಆದ್ದರಿಂದ ಮಡಚುವ ಪ್ಯಾನೆಲ್ ಬೇರೆ, ಸಾದಾ ಪವರ್ ಬ್ಯಾಂಕ್ ಬೇರೆ ತಗೊಳ್ಳಿ. ಹಗಲು ಪ್ಯಾನೆಲ್‌ನಿಂದ ಪವರ್ ಬ್ಯಾಂಕ್ ತುಂಬಿಸಿ, ರಾತ್ರಿ ಅದರಿಂದ ಫೋನಿಗೂ ಟಾರ್ಚಿಗೂ ಹಾಕಿ. ನಮ್ಮ ತೋಟದಲ್ಲಿ ಕಾವಲು ಇರುವವರಿಗೆ ಇದೇ ವ್ಯವಸ್ಥೆ ಮಾಡಿಕೊಟ್ಟು ಎರಡು ವರ್ಷ ಆಯಿತು, ಇನ್ನೂ ನಡೆಯುತ್ತಿದೆ.

ಪ್ಯಾನೆಲ್ ಬಿಸಿಲಲ್ಲಿ ಇರಲಿ, ಪವರ್ ಬ್ಯಾಂಕ್ ಮಾತ್ರ ನೆರಳಲ್ಲೇ ಇರಬೇಕು. ನಮ್ಮ ಕಡೆ ಒಣದ್ರಾಕ್ಷಿಯನ್ನು ಶೆಡ್ಡಿನ ನೆರಳಲ್ಲಿ ಗಾಳಿಗೆ ಒಣಗಿಸುತ್ತೇವಲ್ಲ, ಹಾಗೆ ಜೋಪಾನ ಮಾಡಿ.

ಜಮಖಂಡಿ ಪಾದಯಾತ್ರಿ:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅನುಭವಿಸಿದ್ದೇನೆ. ಯುಗಾದಿ ಮುಂದೆ ಶ್ರೀಶೈಲಕ್ಕೆ ನಡೆದುಕೊಂಡು ಹೋಗುವಾಗ ಅಂಥದ್ದೇ ಪವರ್ ಬ್ಯಾಂಕ್ ಒಯ್ದಿದ್ದೆ. ಕಂಪನಿ ಹೆಸರು ಬೇಡ. ಬೆನ್ನಿನ ಚೀಲದ ಮೇಲೆ ಕಟ್ಟಿಕೊಂಡು ಇಡೀ ದಿನ ನಡೆದರೂ ಒಂದೇ ಲೈಟು, ಅದೂ ಮಿಣುಕುತ್ತಿತ್ತು. ನಡೆಯುವಾಗ ಸೂರ್ಯ ಒಂದು ಕಡೆ, ಬೆನ್ನು ಒಂದು ಕಡೆ, ತಲೆ ಮೇಲಿನ ಟವೆಲ್ ನೆರಳು ಬೇರೆ ಅದರ ಮೇಲೇ ಬೀಳುತ್ತದೆ. ನಾಲ್ಕನೇ ದಿನ ಮಧ್ಯಾಹ್ನ ಕಲ್ಲಿನ ಮೇಲೆ ಇಟ್ಟು ಮಲಗಿದ್ದೆ, ಎದ್ದು ನೋಡಿದರೆ ಪಕ್ಕದ ಜೋಡಣೆ ಬಿಚ್ಚಿಕೊಂಡು ಹೊಟ್ಟೆ ಪೂರಿಯ ಹಾಗೆ ಉಬ್ಬಿತ್ತು. ಮುಟ್ಟಿದರೆ ಕೈ ಸುಡುತ್ತಿತ್ತು. ಚೀಲದಲ್ಲಿ ಬಟ್ಟೆ ನಡುವೆ ಇದ್ದಿದ್ದರೆ ಏನಾಗುತ್ತಿತ್ತೋ, ಈಗಲೂ ನೆನೆಸಿಕೊಂಡರೆ ಭಯ ಆಗುತ್ತದೆ.

ಮರುವರ್ಷ ಮಡಚುವ ಪ್ಯಾನೆಲ್ ಒಯ್ದೆ. ಹೇಗಿದ್ದರೂ ನಾವು ನಸುಕಿನಲ್ಲಿ ನಡೆದು ಹನ್ನೊಂದಕ್ಕೆಲ್ಲ ನೆರಳು ಹಿಡಿಯುತ್ತೇವೆ, ಬಿಸಿಲು ಇಳಿದ ಮೇಲೆ ಮತ್ತೆ ನಡಿಗೆ. ಆ ನಡುವಿನ ನಾಲ್ಕು ತಾಸು ಗಿಡದ ಹೊರಗೆ ಪ್ಯಾನೆಲ್ ಹಾಸಿದರೆ ಸಾಕು. ದಾಸೋಹದ ಟೆಂಟಿನಲ್ಲಿ ಒಂದೇ ಬೋರ್ಡಿಗೆ ಇಪ್ಪತ್ತು ಮಂದಿ ಕಾಯುವುದು ತಪ್ಪಿತು.

ಬೆಳಗಾವಿ ರಿಪೇರಿ:

ನಾನು ಮೊಬೈಲ್ ರಿಪೇರಿ ಮಾಡುವವನು, ಇಪ್ಪತ್ತು ವರ್ಷದಿಂದ ಇದೇ ಕೆಲಸ. ಸ್ವಲ್ಪ ಉದ್ದ ಆಗುತ್ತದೆ, ಓದಿ.

21 ವ್ಯಾಟ್ ಅಂತ ಬರೆದಿದ್ದರೆ 21 ಬರುವುದಿಲ್ಲ. ಆ ನಂಬರ್ ಕೊಡುವುದು ಪ್ಯಾನೆಲ್ 25 ಡಿಗ್ರಿ ಬಿಸಿ ಇರುವಾಗಿನ ಲೆಕ್ಕದಲ್ಲಿ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಪ್ಯಾನೆಲ್ 60 ಡಿಗ್ರಿ ದಾಟುತ್ತದೆ, ಒಂದೊಂದು ಡಿಗ್ರಿ ಏರಿದಂತೆ ನೂರಕ್ಕೆ 0.4ರಷ್ಟು ಕಡಿಮೆ ಆಗುತ್ತಾ ಹೋಗುತ್ತದೆ. ಜೊತೆಗೆ ಧೂಳು, ವೈರ್, ಒಳಗಿನ ಸರ್ಕ್ಯೂಟ್. ಕೊನೆಗೆ 12ರಿಂದ 14 ವ್ಯಾಟ್ ಸಿಕ್ಕರೆ ಪ್ಯಾನೆಲ್ ಒಳ್ಳೆಯದು ಅಂತ ತಿಳಿಯಿರಿ. ನಿಮ್ಮ ಅಣ್ಣನಿಗೆ ಅಷ್ಟು ಸಾಕು. ಫೋನಿಗೆ 19 ವ್ಯಾಟ್ ಅವರ್ ಬೇಕು, ಅದೂ ಖಾಲಿ ಆದಾಗ. ಬಟನ್ ಫೋನಿಗೆ ನಾಲ್ಕು, ಟಾರ್ಚ್ ಒಂದಕ್ಕೆ ಏಳೆಂಟು. ನಾಲ್ಕು ತಾಸು ಬಿಸಿಲು ಸಿಕ್ಕರೆ ಹತ್ತಿರ 50 ಬರುತ್ತದೆ. 10 ವ್ಯಾಟಿನ ಪ್ಯಾನೆಲ್ ತಗೊಂಡರೆ ಸಾಲುವುದಿಲ್ಲ.

ಪವರ್ ಬ್ಯಾಂಕ್ 20000ದ್ದು ಒಂದು ಬೇಡ, 10000ದ್ದು ಎರಡು ತಗೊಳ್ಳಿ. ಒಂದು ಹೊಲದಲ್ಲಿ ಬಿದ್ದು ಒಡೆದರೆ ಇನ್ನೊಂದು ಇರುತ್ತದೆ ಅಲ್ವಾ. 10000 ಅಂತ ಬರೆದದ್ದರಿಂದ 5000ದ ಫೋನ್ ಎರಡು ಸಲ ತುಂಬುತ್ತದೆ ಅಂದುಕೊಳ್ಳಬೇಡಿ, ಒಂದೂವರೆ ಸಲ ಅಷ್ಟೇ. ಡಬ್ಬಿ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ನಂಬರ್ ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟು ಅಗ್ಗ ಇದ್ದರೂ ಬಿಟ್ಟುಬಿಡಿ.

ಪ್ಯಾನೆಲ್‌ಗೆ ಫೋನ್ ನೇರ ಹಾಕಲೂಬಹುದು, ಆದರೆ ಮೋಡ ಬಂದು ಹೋದಾಗ ಕೆಲವು ಫೋನ್ ಚಾರ್ಜ್ ನಿಲ್ಲಿಸಿ ಮತ್ತೆ ಶುರು ಮಾಡುವುದಿಲ್ಲ, ಅಥವಾ ತೀರಾ ನಿಧಾನ ಮಾಡುತ್ತವೆ. ಬಿಸಿಲಲ್ಲಿಟ್ಟ ಫೋನ್ ಕಾದು ತಾನೇ ಚಾರ್ಜ್ ನಿಲ್ಲಿಸುವುದೂ ಉಂಟು. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೇಲೆ ಚಾರ್ಜ್ ಮಾಡಬಾರದು. ನಡುವೆ ನೆರಳಲ್ಲಿಟ್ಟ ಪವರ್ ಬ್ಯಾಂಕ್ ಇದ್ದರೆ ಫೋನಿಗೆ ಈ ತಾಪತ್ರಯ ಇಲ್ಲ.

ಇನ್ನೊಂದು ಮಾತು ಕಡ್ಡಾಯವಾಗಿ ನೆನಪಿಡಿ. ಮನೆಯಲ್ಲಿ ಬಿದ್ದಿರುವ 12 ವೋಲ್ಟಿನ ದೊಡ್ಡ ಪ್ಯಾನೆಲ್‌ಗೆ ವೈರ್ ಸುತ್ತಿ ಫೋನಿಗೆ ಹಾಕಬೇಡಿ. ಏನೂ ಜೋಡಿಸದೆ ಇದ್ದಾಗ ಅದರಿಂದ 21, 22 ವೋಲ್ಟ್ ಬರುತ್ತದೆ, ಸಾದಾ ಫೋನಿಗೆ ಬೇಕಾದದ್ದು 5. ಹೋದ ತಿಂಗಳು ಒಬ್ಬ ಮುದುಕರು ಹಾಗೆ ಮಾಡಿದ ಫೋನ್ ತಂದಿದ್ದರು. ಬೋರ್ಡಿನ ಮೇಲೆ ಜೋಳದ ಕಾಳಿನಷ್ಟು ಜಾಗ ಕಪ್ಪಗೆ ಕರಗಿತ್ತು. ಮೊಮ್ಮಕ್ಕಳ ಫೋಟೋ ಎಲ್ಲ ಅದರಲ್ಲೇ ಇತ್ತು, ಒಂದೂ ಉಳಿಸಲು ಆಗಲಿಲ್ಲ.

ಬಾದಾಮಿ ಕಡೆಯವ:

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಹಾಗಾದರೆ ಮಡಚುವುದೇ ತಗೊಳ್ಳುತ್ತೇನೆ. ಒಂದು ಸಂಶಯ, ಹಾದಿಯಲ್ಲಿ ಹೋಗುವಾಗ ಕುದುರೆ ಮೇಲಿನ ಸಾಮಾನಿನ ಮೇಲೆ ಹಾಸಿ ಕಟ್ಟಬಹುದಾ?

ಹುನಗುಂದ:

ಕುದುರೆ ಮೇಲೆ ಬೇಡ ತಮ್ಮಾ. ನಮ್ಮ ಮಾವನವರದೂ ಕುರಿ ಹಿಂಡು ಇದೆ, ಮಾಡಿ ನೋಡಿದ್ದಾರೆ. ಹಗ್ಗ ಉಜ್ಜಿ ಹೊಲಿಗೆ ಬಿಟ್ಟಿತು, ಗಿಡದ ಕೆಳಗೆ ಹಾಯುವಾಗ ಮುಳ್ಳು ಗೀರಿತು. ಬಿಡಾರ ಬಿಟ್ಟ ಮೇಲೆ ಹಾಸುವುದೇ ಸರಿ, ಅಡುಗೆ ಮಾಡುತ್ತಾ ಅಲ್ಲೇ ಯಾರಾದರೂ ಇರುತ್ತಾರಲ್ಲ. ಎರೆ ಮಣ್ಣಿನ ಮೇಲೆ ನೇರ ಹಾಸಬೇಡಿ, ಕಾದ ಹೆಂಚು ಇದ್ದಂತೆ ಇರುತ್ತದೆ. ನಾಲ್ಕು ಕಲ್ಲಿಟ್ಟು ಎತ್ತರಿಸಿ, ಕೆಳಗೆ ಗಾಳಿ ಆಡಲಿ. ಚಳಿಗಾಲದಲ್ಲಿ ದಕ್ಷಿಣದ ಕಡೆ ವಾಲಿಸಿ, ಬೇಸಿಗೆಯಲ್ಲಿ ನಡು ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರುತ್ತಾನೆ, ಚಪ್ಪಟೆ ಹಾಸಿದರೆ ಆಯಿತು. ಒಂದು ಮಡಿಕೆ ಮೇಲೆ ನೆರಳು ಬಿದ್ದರೂ ಕರೆಂಟ್ ಅರ್ಧಕ್ಕರ್ಧ ಇಳಿಯಬಹುದು, ಆಗಾಗ ಎದ್ದು ಜರುಗಿಸಬೇಕು. ಆಡಿನ ಮರಿ ಇದ್ದರೆ ವೈರ್ ಜೋಪಾನ, ನಮ್ಮಲ್ಲಿ ಎರಡು ವೈರ್ ಅಗಿದು ಹಾಕಿವೆ. ಜಾಸ್ತಿ ವೈರ್ ಒಂದು ಕೊಟ್ಟು ಕಳಿಸಿ.

ಬಾದಾಮಿ ಕಡೆಯವ:

ಪ್ಯಾನೆಲ್ ಬಂತು. ನಿನ್ನೆ ಮಧ್ಯಾಹ್ನ ಹನ್ನೆರಡೂವರೆಗೆ ಮಾಳಿಗೆ ಮೇಲೆ ಕಲ್ಲಿಟ್ಟು ಹಾಸಿದೆ. ರಿಪೇರಿಯವರ ಮಾತು ಖಾತ್ರಿ ಮಾಡಿಕೊಳ್ಳೋಣ ಅಂತ ಒಂದು ಯುಎಸ್‌ಬಿ ಮೀಟರ್ ಕೂಡ ತರಿಸಿದ್ದೆ. 5.1 ವೋಲ್ಟ್, 2.4 ಆಂಪ್ಸ್ ತೋರಿಸಿತು, ಅಂದರೆ 12 ವ್ಯಾಟ್. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ ಸರ್. ಅಂಗೈ ಅಡ್ಡ ಹಿಡಿದೆ, 0.6 ಆಂಪ್ಸ್‌ಗೆ ಇಳಿಯಿತು, ಕೈ ತೆಗೆದ ಕೂಡಲೇ ಮತ್ತೆ ಏರಿತು. ಅಣ್ಣ ಅದನ್ನು ನಾಲ್ಕೈದು ಸಲ ಮಾಡಿ ನೋಡಿದ, ಆಮೇಲೆ ಕಾಕಾನನ್ನೂ ಕರೆದು ತೋರಿಸಿದ. ಒಂದು ಪವರ್ ಬ್ಯಾಂಕ್ ನಾಲ್ಕು ಗಂಟೆ ಹೊತ್ತಿಗೆ ಪೂರ್ತಿ ಆಯಿತು.

ಅತ್ತಿಗೆ ಎರಡೂ ಬ್ಯಾಂಕಿಗೆ ಹಳೆ ಕಂಬಳಿ ತುಂಡಿನಿಂದ ಚೀಲ ಹೊಲಿಯುತ್ತಿದ್ದರು, ಚಾರ್ಜ್ ಆಗುವಾಗ ಮಾತ್ರ ಅದರಿಂದ ಹೊರಗೆ ತೆಗೆದು ನೆರಳಲ್ಲಿ ಇಡಬೇಕು ಅಂತ ಹೇಳಿದ್ದೇನೆ. ಸೋಮವಾರ ಹೊರಡುತ್ತಾರೆ. ದಿನಾ ರಾತ್ರಿ ಎಂಟಕ್ಕೆ ಅವ್ವನಿಗೆ ಫೋನ್ ಹಚ್ಚುತ್ತೇನೆ ಅಂದಿದ್ದಾನೆ ಅಣ್ಣ.