ಅಪ್‌ಡೇಟ್: ಚಿನ್ನದ ಅಂಚಿನ ಮ್ಯಾಜಿಕ್ ಡೆಕ್ ನಕಲಿಯಲ್ಲ

ಹಳೆಯ ಸಂಗ್ರಹವೊಂದರಲ್ಲಿ ಸಿಕ್ಕ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದ ಚಿನ್ನದ ಅಂಚಿನ ಕಾರ್ಡುಗಳು ಖೋಟಾ ಇರಬಹುದೇ, ಅವುಗಳಿಂದ ಆಡಬಹುದೇ ಎಂದು ಕಳೆದ ವಾರ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಬೆಳಕಿಗೆ ಹಿಡಿದು ನೋಡಿದ್ದರಿಂದ ಏನೂ ತಿಳಿಯಲಿಲ್ಲ. ಹಿಂಬದಿಯನ್ನು ಮಾಮೂಲಿ ಕಾರ್ಡಿನೊಂದಿಗೆ ಹೋಲಿಸಿ, ಮುಂಬದಿಯಲ್ಲಿ ಸಹಿ ಹುಡುಕಿರಿ ಎಂದವರ ಸಲಹೆಯೇ ಫಲಿಸಿತು. ಹಿಂಬದಿ ಪೂರ್ತಿ ಬೇರೆಯೇ ಆಗಿತ್ತು. 'ಟಿಂಕರ್' ಕಾರ್ಡಿನ ಮೇಲೆ ಜಾನ್ ಫಿಂಕೆಲ್ ಅವರ ಸಹಿ ಅಚ್ಚಾಗಿತ್ತು. ಅಂದರೆ ಇದು 2000ನೇ ಇಸವಿಯಲ್ಲಿ ಬ್ರಸೆಲ್ಸ್‌ನಲ್ಲಿ ಅವರು ಈ ಆಟದ ವಿಶ್ವ ಚಾಂಪಿಯನ್ ಆದಾಗ ಬಳಸಿದ ಡೆಕ್ಕಿನ (ಕಾರ್ಡುಗಳ ಕಟ್ಟಿನ) ಪ್ರತಿಕೃತಿ, ಆಟದ ಕಂಪನಿಯೇ ಮುದ್ರಿಸಿದ್ದು. ಮುಖ್ಯ ಡೆಕ್ಕಿನ 60, ಸೈಡ್‌ಬೋರ್ಡಿನ (ಆಟಗಳ ನಡುವೆ ಬದಲಿಸಿಕೊಳ್ಳುವ ಹೆಚ್ಚುವರಿ ಕಾರ್ಡುಗಳ) 15, ಎಲ್ಲವೂ ಸರಿಯಾಗಿವೆ; ಎರಡು ಮೂಲೆಗಳಲ್ಲಿ ಮಾತ್ರ ಚಿನ್ನದ ಬಣ್ಣ ಸವೆದು ಬಿಳಿ ಕಾಗದ ಇಣುಕುತ್ತಿದೆ.

1997ರಿಂದ 2004ರವರೆಗೆ ಪ್ರತಿ ವರ್ಷ ಇಂತಹ ನಾಲ್ಕು ಡೆಕ್ಕುಗಳು ಬಂದವೆಂಬುದೂ, ಅವುಗಳಲ್ಲಿ ಗೆದ್ದವರದ್ದಷ್ಟೇ ಅಲ್ಲದೆ ಇತರ ಸ್ಪರ್ಧಿಗಳ ಡೆಕ್ಕುಗಳೂ ಸೇರಿದ್ದವೆಂಬುದೂ ನನಗೆ ಹೊಸ ವಿಷಯ.

ಅಧಿಕೃತ ಪಂದ್ಯಗಳಲ್ಲಿ ಇವು ನಡೆಯುವುದಿಲ್ಲ. ಹಿಂಬದಿ ಕಾಣದ ದಪ್ಪ ಸ್ಲೀವ್‌ಗಳಿಗೆ (ಕಾರ್ಡಿನ ಪ್ಲಾಸ್ಟಿಕ್ ಕವಚಗಳಿಗೆ) ಹಾಕಿ, ಮೊದಲೇ ಒಪ್ಪಿಗೆ ಪಡೆದು, ಭಾನುವಾರ ಗೆಳೆಯರೊಂದಿಗೆ ಆಡಿದೆ, ಯಾರೂ ಆಕ್ಷೇಪಿಸಲಿಲ್ಲ. ಮಾರುವ ಯೋಚನೆಯನ್ನು ಕೈಬಿಟ್ಟಿದ್ದೇನೆ.